ಗುಲ್ಷನ ಆರಿಸಿದ ಬೋರ್ಡು

ಉಮರ ನರಗುಂದದಿಂದ ರೋಣಕ್ಕೆ ಬರುವುದು ಶುಕ್ರವಾರಕ್ಕೊಮ್ಮೆ. ನರಗುಂದದ ಬಸ್‌ಸ್ಟ್ಯಾಂಡಿನ ಎದುರಿಗೆ ಮೊಬೈಲ್ ಕವರು, ಚಾರ್ಜರು, ಇಯರ್‌ಫೋನು ಮಾರುವ ಅಂಗಡಿ ಅವನದು. ಆ ಸಲ ಮಾತ್ರ ವಾರದ ನಡುವೆಯೇ ಬಂದಿಳಿದ. ಕೈಕಾಲು ತೊಳೆಯುವುದಕ್ಕೂ ಮೊದಲು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತಂಗಿಯನ್ನು ಕರೆದ.

"ಗುಲ್ಷನ, ಒಂದು ಕಂಪ್ಯೂಟರ್ ಮಾಡಸೂದೈತಿ. ಗೇಮ್ ಆಡೂವಂಥಾದ್ದು. ರೆಡಿಮೇಡ್ ಬ್ಯಾಡ, ಒಂದೊಂದ ಸಾಮಾನು ಆರಿಸಿ ಕೂಡಸೂದು. ಏನೇನ್ ಹಾಕಬೇಕು ಅನ್ನೂದನ್ನ ನೀನ ಹೇಳಬೇಕು."

ಗುಲ್ಷನ ರೊಟ್ಟಿ ಬಡಿಯುತ್ತಿದ್ದಳು. ಯಾರಿಗೆ ಎಂದು ಅವಳು ಕೇಳಬೇಕಿತ್ತು. ಕೇಳಿದ್ದು ಬೇರೆ.

"ಅಪ್ಪಗ ಗೊತ್ತೈತೇನು?"

"ಅಪ್ಪನ ಹೇಳಿದ್ದು. ಮನ್ಯಾಗ ಒಂದು ಇರಲಿ ಅಂದ. ನಿನಗ ಇದ್ರಾಗ ತಿಳಿತೈತಿ, ನಿನ್ನ ಸಾಮಾನಂತ ತಿಳಕೊಂಡು ಆರಸು."

ತವೆಯ ಮೇಲಿದ್ದ ರೊಟ್ಟಿ ಸೀದು ವಾಸನೆ ಬರುವತನಕ ಅವಳು ಸುಮ್ಮನೆ ನಿಂತಿದ್ದಳು. ತಾಯಿ ಸೈರಾಬಾನು ಹಿಂದಿನಿಂದ ಬಂದು ರೊಟ್ಟಿ ತಿರುವಿಹಾಕಿದಳು. ಮಗಳ ಮುಖ ನೋಡಲಿಲ್ಲ. ಅವಳು ನೋಡದೇ ಹೋದದ್ದು ಗುಲ್ಷನಳಿಗೆ ನೆನಪಾದದ್ದು ಎಷ್ಟೋ ದಿನದ ಮೇಲೆ.

ಮನೆಯಲ್ಲಿ ಕನ್ನಡವನ್ನೇ ಆಡುವ ನದಾಫರ ಕುಟುಂಬ ಅವರದು. ತಂದೆ ಮೋದಿನಸಾಬನಿಗೆ ಪೇಟೆಯಲ್ಲಿ ಗಾದಿ ಅಂಗಡಿ. ಲಗ್ನದ ಕಾಲ ಬಂತೆಂದರೆ ಮುಶಿಗೇರಿ, ಬೆಳವಣಕಿ ಕಡೆಯವರು ಅರಳೆ ಹಿಂಜಿಸಿ, ಗಾದಿ-ದಿಂಬು ಹೊಲಿಸಿಕೊಂಡು ಹೋಗಲು ಅವನ ಅಂಗಡಿಗೇ ಬರುತ್ತಿದ್ದರು. ಗುಲ್ಷನ ಬಿ.ಎ. ಮುಗಿಸಿದ ಮೇಲೆ ಅದೇ ಪೇಟೆಯಲ್ಲಿದ್ದ ಗುರುಸಂಗಪ್ಪನ ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಸೇರಿದ್ದಳು. ಮೊದಮೊದಲು ಅರ್ಜಿ ಟೈಪು ಮಾಡುವುದು, ಹೊಲದ ಉತಾರ ತೆಗೆದುಕೊಡುವುದು. ಆಮೇಲೆ ಗುರುಸಂಗಪ್ಪ ಕಂಪ್ಯೂಟರುಗಳ ಹೊಟ್ಟೆ ಬಿಚ್ಚುವಾಗ ಬಗ್ಗಿ ನೋಡುತ್ತ ನೋಡುತ್ತ ತಾನೇ ಬಿಚ್ಚತೊಡಗಿದಳು. ಧೂಳು ಊದುವುದು, ಫ್ಯಾನು ಬದಲಿಸುವುದು, ಸತ್ತಿತೆಂದು ಜನ ಕೈಬಿಟ್ಟ ಕಂಪ್ಯೂಟರನ್ನು ಎಬ್ಬಿಸಿ ಕೂರಿಸುವುದು, ಎಲ್ಲ ಕೈಗೆ ಹತ್ತಿತು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಗೇಮ್ ಆಡುತ್ತಿದ್ದಳು. ಕುದುರೆ ಏರಿ ಗುಡ್ಡಗಾಡು ಸುತ್ತುವ ಒಂದು ಗೇಮು ಅವಳಿಗೆ ಪ್ರಾಣ. ಅಂಗಡಿಯ ಹಳೆಯ ಕಂಪ್ಯೂಟರು ಅದನ್ನು ಹೊರಲಾರದೆ ಏದುತ್ತಿತ್ತು. ಕುದುರೆ ಹಳ್ಳ ದಾಟಿ ಹೋದ ಮೇಲೆ ಹಳ್ಳ ಕಾಣಿಸುತ್ತಿತ್ತು, ಗಿಡಗಳು ಮೈಮೇಲೆ ಬಂದಾಗ ಮೂಡುತ್ತಿದ್ದವು. ಆದರೂ ಆಡುತ್ತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಮಾತುಕತೆಗೆ ಗಂಡಿನ ಕಡೆಯವರು ಬರಲು ಶುರುವಾದ ಮೇಲೆ ಮೋದಿನಸಾಬ ಅವಳ ಕೆಲಸ ಬಿಡಿಸಿದ. "ಸಾಕವ್ವ ಇನ್ನ. ಅಂಗಡ್ಯಾಗ ಕುಂತ ಹುಡುಗಿ ಅಂದ್ರ ಮಂದಿ ನಾಕ ಮಾತು ಕೂಡಸ್ತಾರ," ಎಂದ. ಅವಳು ಜಗಳ ತೆಗೆದಿರಲಿಲ್ಲ. ಒಳಗೊಳಗೇ ಬೆಂದಿದ್ದಳು. ಈಗ ಉಮರ ಹೇಳಿದ ಮಾತು ಕೇಳಿದಾಗ ಅವಳಿಗೆ ಅನಿಸಿದ್ದು ಒಂದೇ. ಅಪ್ಪನಿಗೆ ತನ್ನ ತಪ್ಪು ಅರಿವಾಗಿದೆ. ಬಾಯಿಬಿಟ್ಟು ಹೇಳಲಾರದೆ ಹೀಗೆ ಸಮಾಧಾನ ಮಾಡುತ್ತಿದ್ದಾನೆ.

ಮರುದಿನದಿಂದ ಅವಳು ಬೋರ್ಡು ಹುಡುಕತೊಡಗಿದಳು. ಕಂಪ್ಯೂಟರ್ ಕೂಡಿಸುವವರು ಬಹಳ ಮಂದಿ ಪ್ರೊಸೆಸರಿನಿಂದ ಶುರು ಮಾಡುತ್ತಾರೆ, ಇಲ್ಲವೇ ಗ್ರಾಫಿಕ್ಸ್ ಕಾರ್ಡಿನಿಂದ. ಗುಲ್ಷನ ಮದರ್‌ಬೋರ್ಡಿನಿಂದ ಶುರು ಮಾಡಿದಳು. ಉಳಿದದ್ದೆಲ್ಲ ಅದರ ಮೇಲೆ ಕೂರಬೇಕು. ಅದನ್ನು ಇವತ್ತಿಗೆ ಮಾತ್ರ ಎಂದು ಆರಿಸಿದರೆ ಎರಡು ವರ್ಷಕ್ಕೆ ಎಲ್ಲ ಬಿಚ್ಚಿ ಎಸೆಯಬೇಕು. ಸಣ್ಣ ಪರದೆಯ ಮೊಬೈಲಿನಲ್ಲಿ ಕಣ್ಣು ಉರಿಯುವಷ್ಟು ಓದಿದಳು, ಯಾರಾರೋ ಬೋರ್ಡು ಬಿಚ್ಚಿ ತೋರಿಸುವ ವಿಡಿಯೋಗಳನ್ನು ನೋಡಿದಳು. ಕೊನೆಗೆ ಎರಡು ಉಳಿದವು.

ಒಂದು ಬಿಳಿಯದು. ಅಂಚಿನಲ್ಲೆಲ್ಲ ಬಣ್ಣದ ದೀಪ. ಗಾಜಿನ ಡಬ್ಬಿಯಲ್ಲಿ ಕೂರಿಸಿದರೆ ಮದುವೆಮನೆಯಂತೆ ಝಗಝಗಿಸುತ್ತದೆ. ಆದರೆ ರ‍್ಯಾಮ್ ಹಾಕಲು ಎರಡೇ ಜಾಗ, ಪ್ರೊಸೆಸರಿಗೆ ಕರೆಂಟು ಹಂಚುವ ಭಾಗದ ಮೇಲೆ ಕಾವು ಹೀರಲು ತೆಳ್ಳನೆಯ ತಗಡು. ಇನ್ನೊಂದು ಕಪ್ಪು. ನೋಡಲು ಏನೂ ಇಲ್ಲ. ಕರೆಂಟು ಹಂಚುವ ಭಾಗದ ಮೇಲೆ ದಪ್ಪನೆಯ ಲೋಹದ ಹೊದಿಕೆ, ರ‍್ಯಾಮಿಗೆ ನಾಲ್ಕು ಜಾಗ. ಮುಂದೆ ಬರುವ ಪ್ರೊಸೆಸರುಗಳೂ ಅದೇ ಸಾಕೆಟ್ಟಿನಲ್ಲಿ ಕೂರುತ್ತವೆ. ರೋಣದ ಬಿಸಿಲು, ಏರಿಳಿಯುವ ಕರೆಂಟು, ಕರಿನೆಲದ ಧೂಳು, ಇವನ್ನೆಲ್ಲ ತಾಳಬಲ್ಲದ್ದು ಇದೇ ಎಂದು ಅವಳಿಗೆ ಖಾತ್ರಿಯಾಯಿತು.

ಒಮ್ಮೆ ಕೇಳಿಬಿಡೋಣವೆಂದು ಉಮರನ ಜೊತೆ ಗುರುಸಂಗಪ್ಪನ ಅಂಗಡಿಗೆ ಹೋದಳು. ಅವನು ಕನ್ನಡಕ ಹಣೆಗೇರಿಸಿ ಅವಳ ಮೊಬೈಲಿನಲ್ಲಿ ಎರಡನ್ನೂ ನೋಡಿ, "ಕರೀದು," ಎಂದ. "ಪ್ರೊಸೆಸರ್ ಇವತ್ತು ಸಾದಾ ಹಾಕ್ರಿ, ನಾಳೆ ಚಲೋದು ಹಾಕ್ರಿ. ಬೋರ್ಡ್ ತಪ್ಪಿದ್ರ ಮಾತ್ರ ಎಲ್ಲಾ ತಪ್ಪತಾವ. ಯಾರಿಗವ್ವ ಇದು?"

"ನಮ್ಮ ಮನೀಗ್ರಿ," ಎಂದಳು ಗುಲ್ಷನ. ಉಮರ ರಸ್ತೆಯ ಕಡೆ ಮುಖ ತಿರುಗಿಸಿ ನಿಂತಿದ್ದ.

ಹುಬ್ಬಳ್ಳಿಗೆ ಇಬ್ಬರೂ ಬೆಳಗಿನ ಬಸ್ಸಿಗೆ ಹೋದರು. ಬಸ್ಸಿನಲ್ಲಿ ಅವಳು ಅಣ್ಣನಿಗೆ ಎಲ್ಲ ತಿಳಿಸಿ ಹೇಳಿದಳು, ಮೊದಲು ಇಷ್ಟು ರ‍್ಯಾಮ್ ಸಾಕು, ಆಮೇಲೆ ಕೂಡಿಸಬಹುದು, ನಾಲ್ಕೈದು ವರ್ಷದ ಮೇಲೆ ಪ್ರೊಸೆಸರ್ ಒಂದೇ ಬದಲಿಸಿದರೂ ಹೊಸದರಂತೆ ಓಡುತ್ತದೆ ಎಂದು. ನಾಲ್ಕೈದು ವರ್ಷ ಎಂದು ಅವಳು ಅಂದಾಗೆಲ್ಲ ಉಮರ ಕಿಟಕಿಯ ಸರಳು ಹಿಡಿದು ಹೊಲ ನೋಡುತ್ತಿದ್ದ. ಕೇಳುತ್ತಿಲ್ಲ ಎಂದುಕೊಂಡಳು.

ಹುಬ್ಬಳ್ಳಿಯ ಅಂಗಡಿಯವನು ಬಿಳಿಯ ಬೋರ್ಡನ್ನೇ ಮುಂದೆ ಇಟ್ಟ. "ಹುಡುಗರೆಲ್ಲಾ ಇದನ್ನ ಒಯ್ಯಾಕತ್ತಾರ್ರಿ," ಎಂದು ಸ್ವಿಚ್ಚು ಒತ್ತಿ ದೀಪ ಕುಣಿಸಿ ತೋರಿಸಿದ. ಉಮರನ ಕಣ್ಣು ಅದರ ಮೇಲೇ ನೆಟ್ಟಿತು. ಫೋನು ಹಿಡಿದು ಹೊರಗೆ ಹೋಗಿ ಮಾತಾಡಿ ಬಂದ.

"ಲೈಟ್ ಇದ್ದದ್ದನ್ನ ತಗೊಳ್ಳೂಣು ಗುಲ್ಷನ. ನೋಡಾಕ ಚಲೋ ಐತಿ."

"ನೋಡಾಕ ಗೋಡಿಗೆ ತೂಗಹಾಕತೀಯೇನು? ಬ್ಯಾಸಗ್ಯಾಗ ಇದು ಕಾದು ಕುದೀತೈತಿ. ನನ್ನ ಸಾಮಾನಂತ ತಿಳಿದು ಆರಸು ಅಂದೀದಿ. ನನಗ ಕರೀದು ಬೇಕು."

ಅವನು ಮತ್ತೆ ಹೊರಗೆ ಹೋದ. ಗಾಜಿನ ಬಾಗಿಲ ಆಚೆ ಅವನು ಫೋನಿನಲ್ಲಿ ಯಾರನ್ನೋ ಕೈಯಾಡಿಸಿ ಒಪ್ಪಿಸುತ್ತಿದ್ದುದು ಕಾಣುತ್ತಿತ್ತು. ಅಪ್ಪನ ಜೊತೆ ಮಾತಾಡುತ್ತಿದ್ದಾನೆ ಎಂದು ಅವಳು ತಿಳಿದಳು. ಅಪ್ಪನಿಗೆ ಬೋರ್ಡಿನ ಬಣ್ಣ ಕಟ್ಟಿಕೊಂಡು ಏನಾಗಬೇಕು ಎಂಬ ವಿಚಾರ ಅವಳ ತಲೆಗೆ ಬರಲಿಲ್ಲ. ಒಳಗೆ ಬಂದು ಉಮರ, "ಆತು, ಕರೀದನ್ನ ಕೊಡ್ರಿ," ಎಂದ.

ಕೂಡಿಸಿದ್ದು ಗುರುಸಂಗಪ್ಪನ ಅಂಗಡಿಯಲ್ಲಿ, ಗುಲ್ಷನಳ ಕೈಯಿಂದಲೇ. ಸಾಕೆಟ್ಟಿನ ಒಳಗೆ ಕೂದಲಿಗಿಂತ ಸಣ್ಣ ಪಿನ್ನುಗಳು ಸಾಲುಸಾಲಾಗಿ ನಿಂತಿದ್ದವು. ಉಸಿರು ಬಿಗಿಹಿಡಿದು ಪ್ರೊಸೆಸರನ್ನು ಅವುಗಳ ಮೇಲೆ ಇಳಿಸಿದಳು. ರ‍್ಯಾಮ್ ಕೂರುವಾಗ ಟಕ್ಕೆಂದ ಸಪ್ಪಳಕ್ಕೆ ತಾನೇ ನಕ್ಕಳು. ಬಟನ್ನು ಒತ್ತಿದಾಗ ಮೊದಲ ಸಲಕ್ಕೇ ಫ್ಯಾನು ತಿರುಗಿ ಪರದೆ ಬೆಳಗಿತು.

ಕುದುರೆಯ ಗೇಮು ಹಾಕಿದಳು. ಗುಡ್ಡದ ಮೇಲೆ ಹುಲ್ಲು ಒಂದೊಂದು ಎಸಳೂ ಬೇರೆ ಬೇರೆಯಾಗಿ ಓಲಾಡುತ್ತಿತ್ತು. ಮೋಡದ ನೆರಳು ಬಯಲಿನ ಮೇಲೆ ಸರಿದುಹೋಗುತ್ತಿತ್ತು. ಹಳ್ಳ ದೂರದಿಂದಲೇ ಕಂಡಿತು, ನೀರಿನಲ್ಲಿ ಕುದುರೆಯ ಕಾಲು ಒಡೆದೊಡೆದು ಕಂಡಿತು. ಇಷ್ಟು ದಿನ ತಾನು ಆಡಿದ್ದು ಈ ಗೇಮೇ ಅಲ್ಲವೇನೋ ಅನಿಸಿತು. ಚಹಾ ತಂದಿಟ್ಟದ್ದು ಆರಿ ಕೆನೆಗಟ್ಟಿತು. ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಆದಾಗಲೇ ಅವಳು ತಲೆ ಎತ್ತಿದ್ದು.

ಉಮರ ಖಾಲಿ ಡಬ್ಬಿಗಳನ್ನೆಲ್ಲ ಜೋಡಿಸಿಕೊಂಡು ನಿಂತಿದ್ದ. "ಬಂದ್ ಮಾಡು. ಪ್ಯಾಕ್ ಮಾಡೂಣು."

"ಮನಿ ಇಲ್ಲೇ ಐತಿ, ಪ್ಯಾಕ್ ಯಾಕ? ಹಂಗ ಹೊತ್ಕೊಂಡು ಹೋದ್ರಾತು."

"ಮನೀಗಲ್ಲ, ಗಜೇಂದ್ರಗಡಕ್ಕ." ಉಮರ ಅವಳ ಕಡೆ ನೋಡದೆ ಟೇಪು ಹರಿದ. "ಸಾಜೀದಗ. ಅವರು ಬೈಕ್ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಹುಡುಗಗ ಇದರ ಹುಚ್ಚು, ಇದೊಂದು ಮಾಡಿಸಿಕೊಡ್ರಿ ಅಂದ್ರು. ನಿನಗ ಇನ್ನ ಗೊತ್ತಾಗಿಲ್ಲಂದ್ರ ಹ್ಯಾಂಗ?"

ಸಾಜೀದ ಒಂದೂವರೆ ತಿಂಗಳ ಹಿಂದೆ ಅವಳನ್ನು ನೋಡಲು ತಾಯಿಯ ಜೊತೆ ಬಂದು ಹೋಗಿದ್ದ. ಗಜೇಂದ್ರಗಡದಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ. ಗುಲ್ಷನ ಹೂಂ ಅಂದಿರಲಿಲ್ಲ, ಉಹುಂ ಅಂದಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಗುರುಸಂಗಪ್ಪ ಅಲ್ಲೇ ಇದ್ದ. ಅವನು ಎದ್ದು ಹೊರಗೆ ಹೋದ.

"ನನ್ನ ಸಾಮಾನಂದೀದಿ," ಎಂದಳು ಗುಲ್ಷನ.

"ನಿನ್ನ ಮನಿಗೇ ಹೋಗತೈತಲ್ಲ. ಅಂದದ್ದರಾಗ ಸುಳ್ಳೇನೈತಿ?"

ಮನೆಗೆ ಬಂದು ಅವಳು ತಂದೆಯ ಎದುರಿಗೆ ನಿಂತಳು. ಮೋದಿನಸಾಬ ದಿಂಬಿನ ಬಾಯಿ ಹೊಲಿಯುತ್ತಿದ್ದ. ದಬ್ಬಣ ಕೆಳಗಿಟ್ಟ, ಮತ್ತೆ ತೆಗೆದುಕೊಂಡ.

"ನನ್ನ ಕೇಳಬೇಕನಸಲಿಲ್ಲೇನಪ್ಪಾ?"

"ಕೇಳಿದ್ರ ನೀ ಆರಿಸ್ತಿದ್ದಿಲ್ಲ. ಬ್ಯಾರೆಯವರ ಕೈಯಾಗ ಕೊಟ್ಟಿದ್ರ ಏನರ ಹಾಕಿ ಮೋಸ ಮಾಡತಿದ್ರು."

"ಅವರು ಮೋಸ ಮಾಡಬಾರದಂತ ನೀವ ಮಾಡಿದ್ರಿ."

ಮೋದಿನಸಾಬ ದಾರ ಹರಿದು ದಿಂಬನ್ನು ಬದಿಗಿಟ್ಟ. "ಹುಡುಗ ಚಲೋ ಅದಾನ ಗುಲ್ಷನ," ಎಂದ. "ಕುಡ್ಯಾಂಗಿಲ್ಲ, ಸೇದಂಗಿಲ್ಲ. ನಿನ್ಹಂಗ ಅವಗೂ ಕಂಪ್ಯೂಟರ್ ಅಂದ್ರ ಆಸೆ. ಬ್ಯಾರೆ ಮನೀಗೆ ಕೊಟ್ರ ಇದನ್ನ ಕಣ್ಣೀಲೆ ನೋಡಾಕ ಸಿಗಂಗಿಲ್ಲ ನಿನಗ. ಅಲ್ಲ್ಯಾದ್ರ ಇಬ್ಬರೂ ಕೂಡಿ ಆಡ್ಕೋತ ಇರತೀರಿ. ಅದನ್ನ ನೋಡೇ ನಾ ಒಪ್ಪಿದೆ."

ಬಯ್ಯಬೇಕೆಂದು ಬಂದಿದ್ದಳು. ಆದರೆ ಆ ಕೊನೆಯ ಮಾತು ಅವಳ ಮನಸ್ಸಿನಲ್ಲಿ ನಟ್ಟಿತು. ಕರೀ ಬೋರ್ಡು ಅಲ್ಲಿ ಇರುತ್ತದೆ, ತಾನೂ ಅಲ್ಲಿ ಇರುತ್ತೇನೆ. ನಾಳೆ ರ‍್ಯಾಮ್ ಕೂಡಿಸುವುದು, ನಾಲ್ಕೈದು ವರ್ಷಕ್ಕೆ ಪ್ರೊಸೆಸರ್ ಬದಲಿಸುವುದು, ಎಲ್ಲ ತನ್ನ ಕೈಯಲ್ಲೇ ಆದೀತು. ಹೀಗೆ ತನ್ನನ್ನು ತಾನೇ ಒಪ್ಪಿಸಿಕೊಂಡಳು. ನಿಖಾದ ದಿನ ಖಬೂಲ್ ಅಂದಾಗ ಅವಳ ದನಿ ನಡುಗಲಿಲ್ಲ. ಮಂಚ, ಕಪಾಟು, ಅಪ್ಪ ತನ್ನ ಕೈಯಾರೆ ಹೊಲಿದ ಎರಡು ಗಾದಿಗಳ ಜೊತೆ ಕಂಪ್ಯೂಟರೂ ಟೆಂಪೋ ಏರಿತು. ತಗ್ಗುದಿಣ್ಣೆಗೆ ಅಲುಗಬಾರದೆಂದು ಅದಕ್ಕೆ ಕೌದಿ ಸುತ್ತಿ ಕಟ್ಟಿದವಳು ಅವಳೇ.

ಗಜೇಂದ್ರಗಡದ ಮನೆಯಲ್ಲಿ ಕಂಪ್ಯೂಟರನ್ನು ಮೇಲಿನ ಕೋಣೆಯಲ್ಲಿ ಇಟ್ಟರು. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಸಾಜೀದ ನಗುಮುಖದವನು. ಅತ್ತೆ ಚಮನಬಿಯೂ ಬಾಯಿ ಬಿರುಸಿನವಳಲ್ಲ. ಮೊದಲ ವಾರ ಸಾಜೀದ ಗೆಳೆಯರನ್ನೆಲ್ಲ ಕರೆದು, "ನಮ್ಮಾಕಿನ ಆರಿಸಿ ಕೂಡಿಸ್ಯಾಳ," ಎಂದು ತೋರಿಸಿದ. ಗುಲ್ಷನ ಬಾಗಿಲ ಆಚೆ ನಿಂತು ಕೇಳಿಸಿಕೊಂಡಳು. ಆ ವಾರ ಅವಳಿಗೆ ಅಪ್ಪನ ಮೇಲಿದ್ದ ಸಿಟ್ಟೂ ಇಳಿದಿತ್ತು.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದ ಸಾಜೀದ ಅವಳನ್ನೂ ಕೂರಿಸಿಕೊಂಡ. ಕಾರು ಓಡಿಸುವ ಗೇಮು, ಇಬ್ಬರಿಗೂ ಒಂದೊಂದು ರಿಮೋಟು. ಗುಲ್ಷನ ಗೆದ್ದಳು. ಅವನು ಬಿದ್ದು ಬಿದ್ದು ನಕ್ಕ. ಮುಂದಿನ ವಾರವೂ ಗೆದ್ದಳು. ಅವನು ನಕ್ಕ, ಆದರೆ ಇನ್ನೊಂದು ಆಟ ಅಂದ, ಮತ್ತೊಂದು ಅಂದ. ಅದರ ಮುಂದಿನ ವಾರ ಅವನ ಗೆಳೆಯ ಜಾಕೀರ ಜೊತೆಗಿದ್ದ. ಜಾಕೀರ ಮನೆಯವನಂತೆ ಬಂದುಹೋಗುವವನು. ಅವನೇ, "ಭಾಬಿನ್ನ ಕರೀರಿ, ನೋಡೂಣು," ಎಂದ. ಸೋಲಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ಆಟ ಮುಗಿದಾಗ ಜಾಕೀರ ಚಪ್ಪಾಳೆ ತಟ್ಟಿದ. ಸಾಜೀದ ರಿಮೋಟನ್ನು ಮೇಜಿನ ಮೇಲೆ ಇಟ್ಟು, "ಚಹಾ ಮಾಡಿ ತಾ," ಎಂದ.

ಎರಡು ದಿನ ಬಿಟ್ಟು, ಅವನು ಅಂಗಡಿಗೆ ಹೋದ ಮೇಲೆ ಅವಳು ಮೇಲೆ ಹೋಗಿ ಕಂಪ್ಯೂಟರ್ ಹಚ್ಚಿದರೆ ಅದು ಪಾಸ್‌ವರ್ಡ್ ಕೇಳಿತು.

ಊಟಕ್ಕೆ ಬಂದಾಗ ಕೇಳಿದಳು. "ಪಾಸ್‌ವರ್ಡ್ ಹಾಕೀರೇನ್ರಿ?"

"ಹೂಂ. ಗೆಳ್ಯಾರ ಅಕೌಂಟ್ ಎಲ್ಲಾ ಅದಾವ ಅದ್ರಾಗ."

"ನನಗ ಹೇಳಿರಿ. ನಾ ಅವರ ಅಕೌಂಟ್ ಮುಟ್ಟಂಗಿಲ್ಲ."

"ಏನರ ಕೆಲಸ ಇದ್ರ ಹೇಳು, ನಾನ ತಗದು ಕೊಡತೇನಿ." ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಚಮನಬಿ ಪಲ್ಯ ಬಡಿಸುತ್ತ, "ಗಂಡಸರ ಆಟದ ಸಾಮಾನದು. ನಿನಗ್ಯಾಕವ್ವ? ಟಿವಿ ಐತಿ, ನೋಡು," ಎಂದಳು. ಸಹಜವಾಗಿಯೇ ಅಂದಳು. ಬೈದಿದ್ದರೆ ಗುಲ್ಷನಳಿಗೆ ತಿರುಗಿ ಒಂದು ಮಾತು ಸಿಗುತ್ತಿತ್ತು.

ಆಮೇಲೆ ಅವಳು ಆ ಕೋಣೆಗೆ ಹೋಗುತ್ತಿದ್ದುದು ಕಸ ಹೊಡೆಯಲು ಮಾತ್ರ. ಕಂಪ್ಯೂಟರಿನ ಧೂಳನ್ನು ಒರೆಸುತ್ತಿದ್ದಳು. ಹಿಂದಿನ ಜಾಲರಿಯಲ್ಲಿ ಸಿಕ್ಕ ಎಳೆಗಳನ್ನು ಹೆಕ್ಕುತ್ತಿದ್ದಳು. ಸಂಜೆ ಗೆಳೆಯರು ಕೂಡಿದಾಗ ಮೇಲಿನಿಂದ ಕೂಗಾಟ, ನಗು ಕೇಳುತ್ತಿತ್ತು. ಯಾವ ಗೇಮು, ಎಲ್ಲಿಗೆ ಬಂದಿದ್ದಾರೆ, ಎಲ್ಲಿ ತಪ್ಪುತ್ತಿದ್ದಾರೆ ಎಂಬುದೆಲ್ಲ ಸಪ್ಪಳದ ಮೇಲೇ ಅವಳಿಗೆ ತಿಳಿಯುತ್ತಿತ್ತು. ತಿಳಿದು ಮಾಡುವುದೇನು? ಕೆಳಗೆ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

ಚಳಿಗಾಲ ಕಳೆಯುತ್ತ ಬಂದಾಗ ಜಾಕೀರ ಎಲ್ಲಿಂದಲೋ ದೀಪದ ಫ್ಯಾನು ತಂದ. ಪ್ರೊಸೆಸರಿನ ಮೇಲೆ ಕೂರಿಸುವಂಥದ್ದು. ಇಷ್ಟೆಲ್ಲ ಇದ್ದೂ ಕಂಪ್ಯೂಟರಿನ ಒಳಗೆ ಸರಕಾರಿ ಆಫೀಸಿನ ಕಳೆ ಎಂದು ಅವನು ಮೊದಲಿಂದಲೂ ಆಡಿಕೊಳ್ಳುತ್ತಿದ್ದ. ಇಬ್ಬರೂ ಮಧ್ಯಾಹ್ನವಿಡೀ ಕುಳಿತು ಬಿಚ್ಚಿದರು, ಕೂಡಿಸಿದರು. ಸಂಜೆಯ ಹೊತ್ತಿಗೆ ಮೇಲಿನ ಮಾತು ನಿಂತಿತು. ಸಾಜೀದ ಮೆಟ್ಟಿಲಲ್ಲಿ ನಿಂತು ಅವಳನ್ನು ಕರೆದ.

"ಚಾಲೂನ ಆಗವಲ್ದು. ಒಂದಿಷ್ಟು ನೋಡು."

ಎಷ್ಟೋ ದಿನದ ಮೇಲೆ ಅವಳು ಆ ಕುರ್ಚಿಯಲ್ಲಿ ಕುಳಿತಳು. ಫ್ಯಾನು ಬಿಚ್ಚಿದಳು, ಪ್ರೊಸೆಸರ್ ಎತ್ತಿದಳು. ಮೊಬೈಲಿನ ಟಾರ್ಚ್ ಹಚ್ಚಿ ಸಾಕೆಟ್ಟಿನೊಳಗೆ ನೋಡಿದಳು. ಒಂದು ಮೂಲೆಯಲ್ಲಿ ನಾಲ್ಕಾರು ಪಿನ್ನುಗಳು ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಒರಗಿದ್ದವು. ಪ್ರೊಸೆಸರನ್ನು ತೆಗೆದು ಒರೆಸಿ ಇಡುವಾಗ ಕೈಜಾರಿ ಮೂಲೆ ತಗುಲಿದೆ. ಇಂಥದ್ದನ್ನು ಗುರುಸಂಗಪ್ಪನ ಅಂಗಡಿಯಲ್ಲಿ ಅವಳು ಹೊಲಿಗೆ ಸೂಜಿಯಿಂದ ಸರಿಮಾಡಿದ್ದಳು. ತಾಳ್ಮೆ ಬೇಕು, ಅಷ್ಟೆ.

"ಪಿನ್ ಬಾಗ್ಯಾವ್ರಿ," ಎಂದಳು. "ಪ್ರೊಸೆಸರ್ ತಗದು ಇಡೂ ಮುಂದ ಆಗಿರಬೇಕು."

ಸಾಜೀದ ಜಾಕೀರನ ಮುಖ ನೋಡಿದ. ಜಾಕೀರ ಕಿಟಕಿಯ ಕಡೆ ತಿರುಗಿದ.

"ಅಂದ್ರ ನಾವ ಕೆಡಿಸೀವಿ ಅಂತೀಯೇನು?" ಎಂದ ಸಾಜೀದ. "ಬೋರ್ಡ್ ಮೊದಲ ಕಳಪಿ. ಅವತ್ತ ನಾ ಫೋನ್ ಮ್ಯಾಲೆ ಬಡಕೊಂಡೆ ಬಿಳೀದು ತಗೊಳ್ರಿ ಅಂತ. ನಮ್ಮ ತಂಗಿಗೆ ಎಲ್ಲಾ ಗೊತ್ತೈತಿ ಅಂದ ನಿಮ್ಮಣ್ಣ. ನೀನ ಆರಿಸಿದ್ದಲ್ಲ ಇದು?"

ಹುಬ್ಬಳ್ಳಿಯ ಗಾಜಿನ ಬಾಗಿಲ ಆಚೆ ಉಮರ ಯಾರ ಜೊತೆ ಮಾತಾಡುತ್ತಿದ್ದನೆಂಬುದು ಆಗ ಅವಳಿಗೆ ತಿಳಿಯಿತು. ಸೂಜಿ ತರುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಹಂಗಾರ ಹೋತು ಅಂತ ತಿಳೀರಿ," ಎಂದು ಎದ್ದು ಕೆಳಗೆ ಹೋದಳು.

ಸಾಜೀದ ಉಮರನಿಗೆ ತಾನೇ ಫೋನು ಮಾಡಿದ. ಅಂಗಡಿಯವರು ಬಾಗಿದ ಪಿನ್ನಿಗೆ ಗ್ಯಾರಂಟಿ ಕೊಡುವುದಿಲ್ಲ ಎಂದು ಗುಲ್ಷನಳಿಗೆ ಗೊತ್ತಿತ್ತು. ಉಮರ ಏನಾದರೂ ಅಂದಾನು, ಕೆಡಿಸಿದವರು ನೀವು, ಸರಿಮಾಡಿಸಿಕೊಳ್ಳುವವರೂ ನೀವೇ ಎಂದಾನು ಎಂದು ಕಾದಳು. ಉಮರ ಅವಳಿಗೆ ಫೋನು ಮಾಡಿದ.

"ಏನ್ ಆರಿಸಿದಿ ನೀ? ವರ್ಷ ತುಂಬಲಿಲ್ಲ. ಅವರ ಮುಂದ ನನ್ನ ಮಾರಿ ಉಳೀಲಿಲ್ಲ."

"ಅಣ್ಣಾ, ಬೋರ್ಡ್ ಕೆಟ್ಟಿಲ್ಲ. ಅವರು ಬಿಚ್ಚಿ–"

"ಅವರು ಬಿಚ್ಚಲಿ, ಒಡೀಲಿ. ಅವರ ಸಾಮಾನದು. ನೀ ಅವರ ಜೋಡಿ ವಾದ ಮಾಡಬ್ಯಾಡ. ಹೊಸಾದು ತರತೇನಿ, ಬಿಳೀದು. ಒಂದೀಟು ತಗ್ಗಿ ನಡಿ."

ಹೊಸದು ಬರಲು ಇನ್ನೂ ದಿನಗಳಿದ್ದವು. ಒಂದು ಮಧ್ಯಾಹ್ನ ಚಮನಬಿ ಮಲಗಿದ್ದಾಗ ಗುಲ್ಷನ ಮೇಲೆ ಹೋದಳು. ಕರೀ ಬೋರ್ಡನ್ನು ಬಿಚ್ಚಿ ಪೇಪರಿನ ಮೇಲೆ ಇಟ್ಟಿದ್ದರು. ಕಿಟಕಿಯ ಬೆಳಕಿಗೆ ಹಿಡಿದಳು. ಸೂಜಿ ಅವಳ ಕೈಯಲ್ಲೇ ಇತ್ತು, ಬರುವಾಗಲೇ ತಂದಿದ್ದಳು. ಅರ್ಧ ತಾಸಿನ ಕೆಲಸ. ಸರಿಮಾಡಿದರೆ ಉಮರ ತರಬೇಕಿಲ್ಲ. ಸರಿಮಾಡಿದರೆ ಮತ್ತೆ ಪಾಸ್‌ವರ್ಡು, ಮತ್ತೆ ಉಳ್ಳಾಗಡ್ಡಿ, ಮತ್ತೆ ಮೇಲಿನ ನಗು. ತಗ್ಗಿ ನಡಿ ಎಂದ ಉಮರನ ದನಿ ಕಿವಿಯಲ್ಲೇ ಇತ್ತು. ಕೊಡಲಿ, ಎಂದುಕೊಂಡಳು. ನನ್ನನ್ನು ಕಣ್ಣು ಕಟ್ಟಿ ನಡೆಸಿಕೊಂಡು ಬಂದವನು ತನ್ನ ಕಿಸೆಯಿಂದಲೇ ಕೊಡಲಿ, ಅವನಿಗೂ ಒಂದಿಷ್ಟು ಹತ್ತಲಿ. ಸೂಜಿಯನ್ನು ದುಪಟ್ಟಾದ ಅಂಚಿಗೆ ಚುಚ್ಚಿಕೊಂಡು ಬೋರ್ಡನ್ನು ಇದ್ದ ಹಾಗೆಯೇ ಇಟ್ಟು ಇಳಿದುಬಂದಳು.

ಉಮರ ಬಿಳೀ ಬೋರ್ಡು ತಂದ ದಿನ ಸಾಜೀದ ಮಿರ್ಚಿ-ಮಂಡಕ್ಕಿ ತರಿಸಿ ಉಪಚಾರ ಮಾಡಿದ. ಭಾವ-ಮೈದುನರು ಹೆಗಲ ಮೇಲೆ ಕೈ ಹಾಕಿಕೊಂಡು ಮೇಲೆ ಹೋಗಿ ಬಂದರು. ಸಾಜೀದ ಅಂಗಡಿಗೆ ಹೋದ ಮೇಲೆ ಗುಲ್ಷನ ಚಹಾ ತಂದಳು. ಉಮರ ಪಡಸಾಲೆಯಲ್ಲಿ ಒಬ್ಬನೇ ಕುಳಿತಿದ್ದ.

"ಇನ್ನ ಮ್ಯಾಲಾದ್ರೂ ಸುಸೂತ್ರ ಇರಲಿ," ಎಂದ.

"ಆ ಕರೀದನ್ನ ನಾ ಸೂಜೀಲೆ ಸರಿ ಮಾಡಬಹುದಿತ್ತು," ಎಂದಳು ಗುಲ್ಷನ.

ಉಮರ ಬಾಯಿಯ ಹತ್ತಿರ ಒಯ್ದ ಚಹಾದ ಬಸಿಯನ್ನು ಇಳಿಸಿದ. "ಏನಂದಿ?"

"ಸೂಜೀಲೆ. ಅರ್ಧಾ ತಾಸು ಸಾಕಿತ್ತು. ಮಾಡಲಿಲ್ಲ."

"ಗೊತ್ತಿದ್ದೂ ಸುಮ್ಮನಿದ್ದೇನು?"

"ಆರಸೂ ಮುಂದ ನನ್ನ ಕೇಳಿದ್ರಿ. ಆಮ್ಯಾಲೆ ಯಾರೂ ಏನೂ ಕೇಳಲಿಲ್ಲ. ನೀನೂ ಕೇಳಲಿಲ್ಲ."

ಉಮರ ಅವಳನ್ನೇ ನೋಡಿದ. ಸಿಟ್ಟು ಬರಬಹುದೆಂದು ಅವಳು ಕಾದಿದ್ದಳು, ಬರಲಿ ಎಂದೇ ಕಾದಿದ್ದಳು. ಬಂದದ್ದು ಸಿಟ್ಟಲ್ಲ.

"ನಾ ರೊಕ್ಕ ಎಲ್ಲಿಂದ ತರಲೇ ಹುಚ್ಚಿ," ಎಂದ ಸಣ್ಣ ದನಿಯಲ್ಲಿ. "ನರಗುಂದದಾಗ ನನ್ನ ಅಂಗಡೀನ ನಡೀವಲ್ದು. ಅಪ್ಪ ಕೊಟ್ಟಾನ. ನಿನ್ನ ಲಗ್ನ ಆದ ಮ್ಯಾಲೆ ಅರಳಿ ಹಿಂಜೂದು ಬಿಟ್ಟಿದ್ದ, ಎದಿಯಾಗ ಧೂಳು ಕುಂತೈತಿ, ಇನ್ನ ಯಂತ್ರದ ಹತ್ರ ಹೋಗಬ್ಯಾಡ ಅಂದಿದ್ರು ದವಾಖಾನ್ಯಾಗ. ನಿಮ್ಮತ್ತಿ ಮನ್ಯಾಗ ನಿನಗ ಮಾತು ಬರಬಾರದಂತ ಮತ್ತ ಯಂತ್ರದ ಮುಂದ ಕುಂತಾನ."

ಚಹಾ ಹಾಗೇ ಬಿಟ್ಟು ಎದ್ದುಹೋದ. ಗುಲ್ಷನ ಬಸಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

ಕರೀ ಬೋರ್ಡನ್ನು ಜಾಕೀರ ಸಾಜೀದನಿಂದ ಕೇಳಿಕೊಂಡು ಒಯ್ದ. ಗದಗಿನಲ್ಲಿ ಯಾರೋ ಪಿನ್ನು ನೆಟ್ಟಗೆ ಮಾಡಿಕೊಟ್ಟರಂತೆ. ಅದರ ಮೇಲೆ ಅವನೂ ಒಂದು ಕಂಪ್ಯೂಟರ್ ಕೂಡಿಸಿಕೊಂಡ. "ಭಾಳ ಗಟ್ಟಿ ಬೋರ್ಡ್ ಐತಿ," ಎಂದು ಸಾಜೀದನ ಎದುರಿಗೇ ಹೊಗಳುತ್ತಿದ್ದ. ಸಾಜೀದ ಹೌದೆನ್ನುತ್ತಿದ್ದ. ಅದನ್ನು ಯಾರು ಆರಿಸಿದ್ದು ಎಂಬ ಮಾತು ಬರುತ್ತಿರಲಿಲ್ಲ.

ಲಗ್ನದ ಕಾಲ ಶುರುವಾದ ಮೇಲೆ ಗುಲ್ಷನ ತವರಿಗೆ ಹೋದಳು. ಬಸ್ಸಿಳಿದು ನೆಟ್ಟಗೆ ಅಂಗಡಿಗೇ ನಡೆದಳು. ಒಳಗೆ ಯಂತ್ರ ಗಡಗಡ ಸದ್ದು ಮಾಡುತ್ತಿತ್ತು. ಅರಳೆಯ ಎಳೆಗಳು ಬಿಸಿಲುಕೋಲಿನಲ್ಲಿ ತೇಲುತ್ತಿದ್ದವು. ಮೋದಿನಸಾಬ ಬಾಯಿಗೆ ಟವೆಲ್ಲು ಕಟ್ಟಿಕೊಂಡು ಕುಳಿತಿದ್ದ. ಹುಬ್ಬು, ರೆಪ್ಪೆ, ಗಡ್ಡ ಎಲ್ಲ ಬೆಳ್ಳಗಾಗಿದ್ದವು. ಮಗಳನ್ನು ಕಂಡು ಯಂತ್ರ ನಿಲ್ಲಿಸಿ ಟವೆಲ್ಲು ಇಳಿಸಿದ. ಮಾತಿಗೆ ಮೊದಲು ಕೆಮ್ಮು ಬಂತು. ಗೋಡೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ. ಅವಳು ಬೆನ್ನು ನೀವಿದಳು. ಅಂಗಿಯ ಒಳಗೆ ಎಲುಬುಗಳು ಕೈಗೆ ಹತ್ತಿದವು.

ಸೂಜಿಯ ಮಾತನ್ನು ಉಮರ ಅವನಿಗೆ ಹೇಳಿರಲಿಲ್ಲ. ಅದು ಮುಖ ನೋಡಿದರೇ ತಿಳಿಯುತ್ತಿತ್ತು.

"ಬಂದೇನವ್ವ," ಎಂದ ಉಸಿರು ತಿರುಗಿದ ಮೇಲೆ. "ಹೊಸಾ ಬೋರ್ಡ್ ಹಾಕಿದ ಮ್ಯಾಲೆ ಕಂಪ್ಯೂಟರ್ ಹ್ಯಾಂಗ ನಡದೈತಿ?"

"ಚಲೋ ನಡದೈತಪ್ಪಾ."

"ಇಬ್ಬರೂ ಆಡತೀರೇನು?"

ಗುಲ್ಷನ ಅವನ ಹುಬ್ಬಿನ ಮೇಲಿದ್ದ ಅರಳೆಯ ಎಳೆಯನ್ನು ತೆಗೆದಳು.

"ಹೂಂ," ಎಂದಳು. "ಆಡತೇವಿ."

ಮೋದಿನಸಾಬ ತಲೆದೂಗಿದ. ಹೊರಗೆ ಪುರ್ತಗೇರಿಯಿಂದ ಬಂದ ಗಿರಾಕಿಗಳು ಅರಳೆಯ ಚೀಲ ಇಳಿಸುತ್ತಿದ್ದರು. ಅವನು ಟವೆಲ್ಲನ್ನು ಮತ್ತೆ ಬಾಯಿಗೆ ಕಟ್ಟಿಕೊಂಡು, ಯಂತ್ರ ಹಚ್ಚಲು ಎದ್ದ.